ಬೆರಳ ತುದಿಯ ವಾರ್ತೆ

ಧಾರವಾಡದಲ್ಲೋ ಮೈಸೂರಿನಲ್ಲೋ ಒಬ್ಬರು ಆಡಿದ ಮಾತು ನಿಮ್ಮ ನಡುಮನೆಯ ರೇಡಿಯೊದಲ್ಲಿ ಕೇಳಿಬರುವುದು ಈಗ ಯಾರಿಗೂ ಸೋಜಿಗವಲ್ಲ. ಹಾಗಾದರೆ ರೋಗಿಯ ಎದೆಬಡಿತವನ್ನೂ ಹೀಗೆಯೇ ದೂರದ ವೈದ್ಯನಿಗೆ ಮುಟ್ಟಿಸಬಹುದಲ್ಲವೆ? ಮುಟ್ಟಿಸಬಹುದು, ಇದು ನಿನ್ನೆ ಮೊನ್ನೆಯ ಯೋಚನೆಯೂ ಅಲ್ಲ. ಹಾಲೆಂಡಿನ ಲೈಡನ್ ನಗರದ ಐಂಥೋವನ್ ಎಂಬ ವಿದ್ವಾಂಸರು ಹೃದಯದ ವಿದ್ಯುತ್ತನ್ನು ಗೆರೆಯಾಗಿ ಬರೆಯುವ ಯಂತ್ರವೊಂದನ್ನು ರಚಿಸಿದ್ದರು. ಅದು ಆಸ್ಪತ್ರೆಗೆ ಹೊತ್ತೊಯ್ಯಲಾಗದಷ್ಟು ಭಾರಿಯಾದದ್ದು. ಆದುದರಿಂದ 1905ರಲ್ಲಿ ಅವರು ರೋಗಿಗಳನ್ನು ಆಸ್ಪತ್ರೆಯಲ್ಲಿಯೇ ಇರಿಸಿ, ಅವರ ಹೃದಯದ ಸಂಜ್ಞೆಯನ್ನು ಟೆಲಿಫೋನ್ ತಂತಿಯ ಮೂಲಕ ಸುಮಾರು ಒಂದೂವರೆ ಕಿಲೋಮೀಟರ್ ದೂರದ ತಮ್ಮ ಪ್ರಯೋಗಶಾಲೆಗೆ ತರಿಸಿಕೊಂಡರು.

ಇಂದು ಅಂಥ ಕೆಲಸ ಮಾಡುವ ಯಂತ್ರಗಳು ಕೈಗಡಿಯಾರದೊಳಗೂ ಅಡಗಿರುತ್ತವೆ. ದೇಹದ ಉಷ್ಣ, ನಾಡಿ, ರಕ್ತದ ಸಕ್ಕರೆ ಮುಂತಾದವುಗಳನ್ನು ಅರಿತು ತಿಳಿಸುವ ಇವಕ್ಕೆ ಸಂವೇದಕ ಅಥವಾ ಸೆನ್ಸರ್ ಎಂದು ಹೆಸರು. ಕೋವಿಡ್ಡಿನ ಕಾಲದಲ್ಲಿ ಮನೆಮನೆಗೆ ಬಂದ ಆಕ್ಸಿಮೀಟರನ್ನು ನೀವು ಬಲ್ಲಿರಿ. ಬೆರಳನ್ನು ಕಚ್ಚಿಕೊಳ್ಳುವ ಆ ಪುಟ್ಟ ಡಬ್ಬಿ ಮಾಡುವುದೇನು? ಅದು ಬೆರಳಿನ ಮೂಲಕ ಎರಡು ಬೆಳಕುಗಳನ್ನು ಹಾಯಿಸುತ್ತದೆ: ಒಂದು ಕೆಂಪು, ಇನ್ನೊಂದು ಕಣ್ಣಿಗೆ ಕಾಣದ ಅವಕೆಂಪು. ಆಮ್ಲಜನಕ ತುಂಬಿದ ರಕ್ತವು ಕೆಂಪನ್ನು ಹೆಚ್ಚಾಗಿ ಬಿಟ್ಟುಕೊಡುತ್ತದೆ, ಅವಕೆಂಪನ್ನು ಹೆಚ್ಚಾಗಿ ಹೀರುತ್ತದೆ. ಆಮ್ಲಜನಕ ಕಳೆದುಕೊಂಡ ರಕ್ತದ ನಡತೆ ಇದಕ್ಕೆ ವಿರುದ್ಧ. ಚರ್ಮ, ಮೂಳೆ, ಉಗುರುಗಳೂ ಬೆಳಕನ್ನು ತಡೆಯುತ್ತವಷ್ಟೆ. ಆದರೆ ಆ ತಡೆ ಸದಾ ಒಂದೇ ಸಮನಾಗಿರುತ್ತದೆ. ನಾಡಿ ಮಿಡಿದಾಗಲೆಲ್ಲ ಏರಿಳಿಯುವುದು ಧಮನಿಯ ರಕ್ತದ ಪಾಲು ಮಾತ್ರ. ಆ ಏರಿಳಿತವನ್ನಷ್ಟೇ ಆರಿಸಿಕೊಂಡು ಲೆಕ್ಕ ಹಾಕುವ ಉಪಾಯವನ್ನು 1974ರಲ್ಲಿ ಜಪಾನಿನ ಎಂಜಿನಿಯರ್ ಟಕುವೊ ಅವೊಯಾಗಿ ಲೋಕದ ಮುಂದಿಟ್ಟರು.

ಇಷ್ಟು ತಿಳಿದರೆ ಅಂಕಿ ಏತಕ್ಕೆ ತಪ್ಪೀತೆಂಬುದೂ ತಿಳಿಯುತ್ತದೆ. 2021ರ ಜುಲೈ ತಿಂಗಳು, ಜಡಿಮಳೆ. ಪಾತ್ರೆ ತೊಳೆದು ಬಂದ ನಮ್ಮ ಅತ್ತಿಗೆಯ ಬೆರಳಿಗೆ ಹುಡುಗರು ಆಕ್ಸಿಮೀಟರ್ ಸಿಕ್ಕಿಸಿದರು. 84 ಎಂದು ತೋರಿಸಿತು. ಮನೆಯೆಲ್ಲ ಕಂಗಾಲು, ಒಬ್ಬನು ಕಾರು ತರಲು ಓಡಿದನು. ನಮ್ಮ ಬೀದಿಯಲ್ಲೇ ಇರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ನರ್ಸಿಂಗ್ ಶಾಲೆಯ ಉಪಾಧ್ಯಾಯಿನಿ, ಬಂದು ಮೊದಲು ಅತ್ತಿಗೆಯ ಮುಖ ನೋಡಿದಳು, ಎರಡು ಮಾತನಾಡಿಸಿದಳು, ಆಮೇಲೆ ತಣ್ಣಗಾಗಿದ್ದ ಕೈಯನ್ನು ಉಜ್ಜಿ ಬೆಚ್ಚಗೆ ಮಾಡಿದಳು. ಅಂಕಿ 97ಕ್ಕೆ ಬಂದು ನಿಂತಿತು. ತಣ್ಣಗಿನ ಬೆರಳಿಗೆ ರಕ್ತ ಸಾಲದೆ, ಯಂತ್ರಕ್ಕೆ ಮಿಡಿತವೇ ಸರಿಯಾಗಿ ಸಿಕ್ಕಿರಲಿಲ್ಲ.

ಇದು ನಗುವಿನಲ್ಲಿ ಮುಗಿದ ತಪ್ಪು. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು, ಅದು ಘೋರವಾದದ್ದು. ರಕ್ತದಲ್ಲಿ ಆಮ್ಲಜನಕ ಕುಗ್ಗಿದ್ದರೂ ಯಂತ್ರವು ಎಲ್ಲ ಸರಿಯಾಗಿದೆಯೆಂದು ತೋರಿಸುವ ಸಂದರ್ಭ ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರು ಪಟ್ಟು ಹೆಚ್ಚೆಂದು 2020ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದರು. ಚರ್ಮದ ಬಣ್ಣವೂ ಬೆಳಕಿನ ಲೆಕ್ಕವನ್ನು ಕೆಡಿಸಬಲ್ಲುದು. ಮೈಬಣ್ಣ ಕಪ್ಪಾಗಿರುವವರು ನಮ್ಮಲ್ಲಿಯೂ ಬಹಳ ಮಂದಿ, ಇದನ್ನು ಮರೆಯಲಾಗದು.

ಹೀಗಿರುವಲ್ಲಿ ಅಂಕಿಯನ್ನು ಅರಿತು ಓದುವ ವಿದ್ಯೆಯನ್ನು ಕಲಿಸುವುದು ಹೇಗೆ? ಆ ಹುಡುಗಿ ಈಚೆಗೆ ನನ್ನನ್ನು ತನ್ನ ಶಾಲೆಗೆ ಕರೆದೊಯ್ದು, ಕಣ್ಣುಗಳನ್ನು ಪೂರ್ತಿ ಮುಚ್ಚುವ ಒಂದು ಸಾಧನವನ್ನು ತಲೆಗೆ ಕಟ್ಟಿದಳು. ವರ್ಚುವಲ್ ರಿಯಾಲಿಟಿ ಎಂಬುದು ಇದೇ, ತೋರಿಕೆಯ ಲೋಕವೆನ್ನೋಣ. ಎರಡು ಕಣ್ಣಿಗೆ ತುಸು ಬೇರೆಬೇರೆಯಾದ ಎರಡು ಚಿತ್ರ ತೋರಿಸಿದರೆ ಮನಸ್ಸು ಅವನ್ನು ಕೂಡಿಸಿ ಆಳವನ್ನು ಕಾಣುತ್ತದೆಂದು ಇಂಗ್ಲೆಂಡಿನ ವೀಟ್‌ಸ್ಟನ್ 1838ರಲ್ಲಿಯೇ ತೋರಿಸಿದ್ದರು. ತಲೆ ತಿರುಗಿಸಿದಂತೆ ದೃಶ್ಯವೂ ಬದಲಾಗುವ ಸಾಧನವನ್ನು 1968ರಲ್ಲಿ ಅಮೆರಿಕದ ಐವಾನ್ ಸದರ್ಲೆಂಡ್ ಮಾಡಿ ತೋರಿಸಿದರು.

ನಾನು ಕಂಡದ್ದನ್ನು ಹೇಳುತ್ತೇನೆ. ಮೊದಲು ಬೆರಳಿನ ಒಳಗೇ ನಿಂತಂತಾಯಿತು. ಮೇಲಿನಿಂದ ಬೆಳಕು ಇಳಿಯುತ್ತಿತ್ತು. ಕೆಂಪು ಪ್ರವಾಹ ಮಿಡಿದು ಹರಿಯುತ್ತಿತ್ತು. ಕೈ ತಣ್ಣಗಾದಂತೆ ಪ್ರವಾಹ ತೆಳ್ಳಗಾಗಿ ಅಂಕಿ ಓಲಾಡಿತು. ಬಳಿಕ ನಾನೊಂದು ವಾರ್ಡಿನಲ್ಲಿದ್ದೆ. ಹಾಸಿಗೆಯಲ್ಲಿ ರೋಗಿ, ಎದುರಿನ ಪರದೆಯ ಮೇಲೆ 96. ನಾನು ನಿಶ್ಚಿಂತನಾಗಿ ನಿಂತೆ.

“ಮೇಷ್ಟ್ರೇ, ಅಂಕಿ ನೋಡಿದಿರಿ, ರೋಗಿಯ ತುಟಿ ನೋಡಲಿಲ್ಲ” ಎಂದಳು ಶಿಷ್ಯೆ.

ತುಟಿ ನೀಲಿಗಟ್ಟಿತ್ತು. ಸಂಪರ್ಕ ಕಡಿದು, ಹತ್ತು ನಿಮಿಷದ ಹಿಂದಿನ ಅಂಕಿಯೇ ಪರದೆಯ ಮೇಲೆ ಉಳಿದುಬಿಟ್ಟಿತ್ತು!

ಮಯಸಭೆಯಲ್ಲಿ ದುರ್ಯೋಧನನು ನೀರನ್ನು ನೆಲವೆಂದು ಭ್ರಮಿಸಿ ಬಿದ್ದನಷ್ಟೆ. ನಾನೂ ಬಿದ್ದೆ. ಆದರೆ ಈ ಸಭೆಯನ್ನು ಕಟ್ಟಿರುವುದೇ ಬಿದ್ದು ಕಲಿಯಲೆಂದು. ಇಲ್ಲಿ ರೋಗಿ ಸುಳ್ಳು, ತಪ್ಪು ಮಾತ್ರ ನಿಜ, ಪ್ರಾಣಹಾನಿಯಿಲ್ಲದೆ ಪಾಠವಾಗುತ್ತದೆ. ಇದಕ್ಕೂ ಮಿತಿಯುಂಟು. ಕೆಲವರಿಗೆ ತಲೆಸುತ್ತು ಬರುತ್ತದೆ. ತಣ್ಣಗಿನ ಕೈಯನ್ನು ಕಣ್ಣಿಗೆ ತೋರಿಸಬಹುದೇ ಹೊರತು ಮುಟ್ಟಿ ತಿಳಿಸಲಾಗದು. ಅದಕ್ಕೆ ನಿಜವಾದ ವಾರ್ಡೇ ಬೇಕು.

ಇನ್ನೊಂದು ಮಾತು. ಹೀಗೆ ಹೋದ ಅಂಕಿ ಅಳಿದುಹೋಗುವುದಿಲ್ಲ, ದಾಖಲೆಯಾಗಿ ಉಳಿಯಬಹುದು. ನಮ್ಮ ದೇಶದಲ್ಲಿ 2021ರ ಸೆಪ್ಟೆಂಬರಿನಲ್ಲಿ ರಾಷ್ಟ್ರವ್ಯಾಪಿಯಾಗಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಯೋಜನೆಯಲ್ಲಿ, 14 ಅಂಕಿಗಳ ಒಂದು ಸಂಖ್ಯೆಗೆ ನಮ್ಮ ಆರೋಗ್ಯದ ದಾಖಲೆಗಳನ್ನು ಜೋಡಿಸಿ, ನಮ್ಮ ಒಪ್ಪಿಗೆಯ ಮೇಲೆ ವೈದ್ಯರಿಗೆ ತೋರಿಸಬಹುದು. ಒಳ್ಳೆಯದೇ. ಆದರೆ ಅಳತೆ ತಪ್ಪಾದರೆ ತಪ್ಪೂ ಜೊತೆಯಲ್ಲೇ ಉಳಿದೀತು.

ಆದುದರಿಂದ ಮನೆಯಲ್ಲಿ ಅಳೆಯುವಾಗ ಕೈ ಬೆಚ್ಚಗಿರಲಿ, ಉಗುರಿಗೆ ಬಣ್ಣ ಬೇಡ. ಅಲುಗಾಡದೆ ಕುಳಿತು, ಅಂಕಿ ನೆಲೆಗೊಂಡ ಮೇಲೆ ಬರೆದುಕೊಳ್ಳಿರಿ. ಏದುಸಿರು, ಮಂಕು, ತುಟಿಯ ನೀಲಿ ಇವು ಕಂಡರೆ ಅಂಕಿ ಎಷ್ಟೇ ಇರಲಿ, ತಡಮಾಡದೆ ವೈದ್ಯರ ಬಳಿಗೆ ಹೋಗಿರಿ. ಯಂತ್ರವು ಹೇಳುವುದನ್ನು ಕೇಳೋಣ. ಮಲಗಿರುವವರ ಮುಖವನ್ನು ಅದಕ್ಕಿಂತ ಮೊದಲು ನೋಡೋಣ.