ಕಿವಿ ಮ್ಯಾಲಿನ ಗುರುತು

ನಾನು ರಾಯಚೂರಿನ ತೀನ್ ಕಂದೀಲ್ ಓಣಿ ನಾಯಿ. ಬ್ಯಾಸಿಗ್ಯಾಗ ಇಲ್ಲಿ ಬಿಸಿಲು 40 ಡಿಗ್ರಿ ದಾಟ್ತದ. ನಿಮ್ಮಂಗ ನನ್ನ ಮೈ ಬೆವರಂಗಿಲ್ಲ, ನಾಲಿಗಿ ಚಾಚಿ ತೇಕಬೇಕು. ಬಾಗಿಲ ಮುಂದ ಒಂದು ಬೋಗಾಣಿ ನೀರಿಡ್ರಿ.

ನನ್ನ ಕಿವಿ ಕತ್ತರಿಸಿದ್ದು ನೋಡಿ ಮರುಗಬ್ಯಾಡ್ರಿ. ಸಂತಾನಹರಣ ಆಪರೇಷನ್, ರೇಬೀಸ್ ಲಸಿಕಿ ಎರಡೂ ಆಗ್ಯಾವ ಅನ್ನೋ ಗುರುತು ಅದು. ಬೀದಿ ನಾಯಿ ಸಂತಾನ ನಿಯಂತ್ರಣದ 2023ರ ನಿಯಮದಂಗ, ಆಪರೇಷನ್ ಮುಗಿದ ಮ್ಯಾಲೆ ಹಿಡಿದ ಓಣಿಗೇ ನನ್ನ ತಂದು ಬಿಟ್ರು. ಬ್ಯಾರೆ ಓಣಿಗೆ ಬಿಟ್ಟಿದ್ರ ಅಲ್ಲಿನ ನಾಯಿಗಳು ಮ್ಯಾಲೆ ಬಿದ್ದು ಕಡೀತಿದ್ವು.

ದೇವದುರ್ಗ, ಮಾನ್ವಿ ರಸ್ತಿ ಬಾಜು ಒಂಟಿ ಮರಿ ಕಂಡ್ರ ಸ್ವಲ್ಪ ಹೊತ್ತು ಕಾಯ್ರಿ. ತಾಯಿ ಕೂಳು ಹುಡುಕಾಕ ಹೋಗಿರಬಹುದು. ಬರದಿದ್ರ ಮನಿಗೆ ಒಯ್ರಿ, ಕಾಯಂ ಸಾಕೋರು ಸಿಗೋತನಕ ಇಟ್ಕೊಂಡ್ರ ಸಾಕು. ಆಕಳ ಹಾಲಿಗೆ ಹೊಟ್ಟಿ ಕೆಡಬಹುದು, ಪಶು ಡಾಕ್ಟರನ್ನ ಕೇಳ್ರಿ. ಮೂರು ತಿಂಗಳಿಗೆ ರೇಬೀಸ್ ಸೂಜಿ ಹಾಕಿಸ್ರಿ.

ಮೊದಲ ರಾತ್ರಿ ಮರಿ ಅಳ್ತದ. ಹಳೇ ಸೀರಿ ಹಾಸಿ, ಬಾಜೂಕ ಕುಂದರ್ರಿ.