ಪೋಕರ್: ಎಲೆ ಬಿಡಲು ಬಲ್ಲವರ ಆಟ

ರಮ್ಮಿ ಆಡಿ ಪಳಗಿದವರು ಪೋಕರ್‌ಗೆ ಕೂತರೆ ಎಡವುವುದು ಎಲೆ ಬಿಡುವ ವಿಷಯದಲ್ಲಿ. ರಮ್ಮಿಯಲ್ಲಿ ಕೆಟ್ಟ ಎಲೆ ಬಂದರೂ ಎತ್ತಿ, ಹಾಕಿ, ಹೇಗೋ ಹೊಂದಿಸಿಕೊಳ್ಳಬಹುದು. ಪೋಕರ್‌ನ ಜನಪ್ರಿಯ ಬಗೆಯಾದ ಟೆಕ್ಸಸ್ ಹೋಲ್ಡೆಮ್‌ನಲ್ಲಿ ಕೈಗೆ ಬರುವುದೇ ಎರಡು ಎಲೆ, ಅವನ್ನು ಬದಲಿಸುವಂತಿಲ್ಲ. ಮತ್ತೆ ಐದು ಎಲೆ ಮೇಜಿನ ಮೇಲೆ ಎಲ್ಲರ ಪಾಲಿಗೂ ಬೀಳುತ್ತವೆ: ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಈ ಏಳರಲ್ಲಿ ಯಾರ ಐದು ಹೆಚ್ಚೋ ಅವರಿಗೆ ಪಾಟ್, ಅಂದರೆ ಪಂದ್ಯಕ್ಕೆ ಎಲ್ಲರೂ ಹಾಕಿದ್ದೆಲ್ಲ. ಜೋಡಿಗಿಂತ ಎರಡು ಜೋಡಿ ದೊಡ್ಡದು, ಸೀಕ್ವೆನ್ಸ್‌ಗಿಂತ ಒಂದೇ ಜಾತಿಯ ಐದು ಎಲೆ ದೊಡ್ಡದು. ಈ ಪಟ್ಟಿ ಬಾಯಿಪಾಠ ಮಾಡಲು ಒಂದು ಸಂಜೆ ಸಾಕು.

ಕಷ್ಟವಿರುವುದು ಪಂದ್ಯದ ಲೆಕ್ಕದಲ್ಲಿ. ನಿಮ್ಮ ಕೈಯಲ್ಲಿ ಎರಡು ಆಠೀನು, ಮೇಜಿನ ಮೇಲಿನ ನಾಲ್ಕರಲ್ಲೂ ಎರಡು ಆಠೀನು ಎಂದುಕೊಳ್ಳಿ. ಇನ್ನೊಂದು ಬಿದ್ದರೆ ಗೆಲುವು ನಿಮ್ಮದು. ನಿಮಗೆ ಕಾಣದ 46 ಎಲೆಗಳಲ್ಲಿ ಆಠೀನು ಉಳಿದಿರುವುದು 9, ಅಂದರೆ ಐದಕ್ಕೆ ಒಂದಕ್ಕಿಂತ ತುಸು ಕಡಿಮೆ. ಪಾಟ್‌ನಲ್ಲಿ 200 ಇದೆ, ಎದುರಿನವರು 100 ಹಾಕಿದರು. ನೀವೂ 100 ಹಾಕಿದರೆ ಒಟ್ಟು 400, ಅದರಲ್ಲಿ ನಿಮ್ಮದು ಕಾಲು ಭಾಗ. ನಾಲ್ಕಕ್ಕೊಮ್ಮೆಯಾದರೂ ಗೆಲ್ಲದಿದ್ದರೆ ಇದು ನಷ್ಟದ ಬಾಬ್ತು. ಆಸೆ ಎಷ್ಟೇ ಇರಲಿ, ಎಲೆ ಕೆಳಗಿಡಬೇಕು. ಮೊದಲ ಎರಡು ಎಲೆಗೂ ಇದೇ ಮಾತು. ಎಕ್ಕದ ಜೋಡಿ ಬರುವುದು ಸರಾಸರಿ 221 ಹಂಚಿಕೆಗೆ ಒಮ್ಮೆ. ಬಂದದ್ದನ್ನೆಲ್ಲ ಆಡಿದವರ ಚಿಪ್ಸ್ ಅಷ್ಟರೊಳಗೆ ಕರಗಿರುತ್ತದೆ.

ಹಾಗಾದರೆ ಬ್ಲಫ್? ಸಿನಿಮಾಗಳು ಅದನ್ನೇ ಆಟವೆಂದು ತೋರಿಸಿವೆ. 2003ರ ವರ್ಲ್ಡ್ ಸೀರೀಸ್ ಆಫ್ ಪೋಕರ್ ಕೊನೆಯ ಹಣಾಹಣಿಯಲ್ಲಿ ಕ್ರಿಸ್ ಮನಿಮೇಕರ್ ಎಂಬ ಅಕೌಂಟೆಂಟ್, ಜೋಡಿಯೂ ಆಗದ ಕೈ ಹಿಡಿದು ತನ್ನ ಚಿಪ್ಸನ್ನೆಲ್ಲ ಪಂದ್ಯಕ್ಕೆ ಒಡ್ಡಿದರು. ಒಂಬತ್ತರ ಜೋಡಿ ಇದ್ದೂ ಎದುರಾಳಿ ಸ್ಯಾಮ್ ಫರ್ಹಾ ಎಲೆ ಬಿಟ್ಟರು. 25 ಲಕ್ಷ ಡಾಲರ್ ಮನಿಮೇಕರ್ ಪಾಲಾಯಿತು. ಈ ಕಥೆ ಹೇಳುವವರು ಒಂದನ್ನು ಮರೆಯುತ್ತಾರೆ. ಫರ್ಹಾ ಎಲೆ ಬಿಡಲು ಬಲ್ಲ ಆಟಗಾರರಾದ್ದರಿಂದಲೇ ಬ್ಲಫ್ ಫಲಿಸಿತು. ಏನೇ ಬರಲಿ ನೋಡಿಯೇ ಬಿಡೋಣ ಎನ್ನುವ ಹೊಸಬರ ಮುಂದೆ ಅದು ನಡೆಯದು.

ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಆದ್ದರಿಂದ ಕಲಿಯುವ ಮನಸ್ಸಿದ್ದರೆ ಆ್ಯಪ್ ಹುಡುಕಬೇಡಿ. ಒಂದು ಕಟ್ಟು ಇಸ್ಪೀಟು, ನಾಲ್ವರು ಗೆಳೆಯರು, ಒಂದು ಹಿಡಿ ಹುಣಸೆ ಬೀಜ ಇದ್ದರೆ ಆಯಿತು. ಬೀಜವನ್ನೂ ಹಣದಂತೆಯೇ ಲೆಕ್ಕವಿಟ್ಟು ಆಡಿ.