ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ ಮನೆಯವರ ಪಾಲು

ಸವೆದ ಮೊಣಕಾಲಿನ ಕೀಲಿಗೆ ಲೋಹ ಮತ್ತು ವಿಶೇಷ ಪ್ಲಾಸ್ಟಿಕ್‌ನ ಕೃತಕ ಕೀಲನ್ನು ಜೋಡಿಸುವ ಕಾರ್ಯ ಶಸ್ತ್ರವೈದ್ಯರದು. ಅದು ಒಂದೆರಡು ಗಂಟೆಗಳಲ್ಲಿ ಮುಗಿಯುತ್ತದೆ. ಆ ಕೀಲನ್ನು ಮಡಚುವಂತೆ, ನೇರವಾಗಿ ಚಾಚುವಂತೆ ಪಳಗಿಸುವ ಕಾರ್ಯ ರೋಗಿಯದು ಮತ್ತು ಮನೆಯವರದು. ಅದಕ್ಕೆ ವಾರಗಳೇ ಬೇಕು. ಮೊದಲ ಆರು ವಾರಗಳಲ್ಲಿ ಬಿಗಿದುಕೊಂಡ ಕೀಲನ್ನು ಮುಂದೆ ಸಡಿಲಿಸುವುದು ಬಹಳ ಪ್ರಯಾಸಕರ.

ನಮ್ಮ ಮನೆಗಳಲ್ಲಿ ಹಿರಿಯರ ಸೇವೆಯೆಂದರೆ ಅವರನ್ನು ಏಳಗೊಡದಿರುವುದು ಎಂಬ ಭಾವನೆಯಿದೆ. ನೀರು, ಊಟ ಎಲ್ಲವೂ ಹಾಸಿಗೆಗೇ ಬರುತ್ತವೆ. ಪ್ರೀತಿಯ ಈ ಉಪಚಾರವೇ ಕಾಲಿಗೆ ಶತ್ರುವಾಗುತ್ತದೆ. ಶಸ್ತ್ರಚಿಕಿತ್ಸೆಯಾದ ದಿನ ಅಥವಾ ಮರುದಿನವೇ ವಾಕರ್ ಹಿಡಿಸಿ ನಡೆಸುವುದು ಇಂದಿನ ಪದ್ಧತಿ. ಮಲಗಿಯೇ ಇದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚು. ಮೀನಖಂಡ ಊದಿ ನೋಯತೊಡಗಿದರೆ, ಗಾಯ ಒಸರಿದರೆ, ಜ್ವರ ಬಂದರೆ ಅಂದೇ ವೈದ್ಯರಿಗೆ ತಿಳಿಸಬೇಕು. ಎದೆನೋವು, ಉಸಿರಾಟದ ತೊಂದರೆ ಕಂಡರೆ ಕ್ಷಣವೂ ಕಾಯದೆ 108ಕ್ಕೆ ಕರೆ ಮಾಡಬೇಕು.

ಹಾಯೆನಿಸುತ್ತದೆಂದು ಮಂಡಿಯ ಕೆಳಗೆ ದಿಂಬು ಇಡುವವರು ಬಹಳ ಮಂದಿ. ಹಾಗೆ ಮಲಗಿದರೆ ಮಂಡಿ ಅರೆಬಾಗಿದ ಸ್ಥಿತಿಯಲ್ಲೇ ಬಿಗಿಯುತ್ತದೆ, ನಡಿಗೆ ಕುಂಟಾಗುತ್ತದೆ. ದಿಂಬು ಇರಬೇಕಾದದ್ದು ಹಿಮ್ಮಡಿಯ ಕೆಳಗೆ.

ವ್ಯಾಯಾಮದಲ್ಲಿ ನೋವು ಸಹಜ. ವೈದ್ಯರು ಬರೆದುಕೊಟ್ಟ ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ಗಂಟೆ ಮುಂಚೆ ಬರುವಂತೆ ಹೊಂದಿಸಿಕೊಂಡರೆ ರೋಗಿ ಮುನಿಸಿಲ್ಲದೆ ಕಾಲು ಮಡಚುತ್ತಾರೆ. ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15ರಿಂದ 20 ನಿಮಿಷ ಇಡಬಹುದು. ಗಾಯ ಮಾಯುವ ತನಕ ಎಣ್ಣೆ ಹಚ್ಚಿ ನೀವುವುದು ಸಲ್ಲದು, ಅಜ್ಜಿಯೇ ಹೇಳಿದರೂ. ಮಂಡಿ ಬೆಚ್ಚಗಿರುವುದು, ಸಂಜೆಗೆ ತುಸು ಊದುವುದು, ಗಾಯದ ಹೊರಬದಿ ಜೋಮು ಹಿಡಿದಂತಿರುವುದು ಕೆಲವು ತಿಂಗಳು ಇರುತ್ತವೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಶಸ್ತ್ರಚಿಕಿತ್ಸೆಯಾದ ಕಾಲು ಮೊದಲು.

ಹಿರಿಯರನ್ನು ನೋವಿಗಿಂತ ಹೆಚ್ಚು ಕಾಡುವುದು ನೆಲದ ಮೇಲೆ ಕೂರಲಾಗದ ಕೊರಗು. ಕೃತಕ ಕೀಲು ಸಾಮಾನ್ಯವಾಗಿ 110ರಿಂದ 120 ಡಿಗ್ರಿಯಷ್ಟು ಮಡಚುತ್ತದೆ. ಚಕ್ಕಳಮಕ್ಕಳ ಹಾಕಲು, ಕುಕ್ಕರುಗಾಲಿನಲ್ಲಿ ಕೂರಲು ಅಷ್ಟು ಸಾಲದು. ಕುರ್ಚಿಯಲ್ಲಿ ಕುಳಿತು ಅಂಗೈಯಲ್ಲಿ ಇಷ್ಟಲಿಂಗವಿರಿಸಿ ಪೂಜಿಸಲು ಯಾವ ಅಡ್ಡಿಯೂ ಇಲ್ಲವೆಂದು ಅವರಿಗೆ ಮೊದಲೇ ಹೇಳಿಬಿಡಿ. ಅವರು ಆಸ್ಪತ್ರೆಯಿಂದ ಮರಳುವ ಮುನ್ನವೇ ಪೂಜಾಕೋಣೆಯಲ್ಲಿ ಕೈಯಿರುವ ಗಟ್ಟಿ ಕುರ್ಚಿ, ಶೌಚಾಲಯದಲ್ಲಿ ಕಮೋಡ್ ಮತ್ತು ಹಿಡಿಕೆ ಸಿದ್ಧವಿರಲಿ. ದಾಸೋಹಕ್ಕೆ ಕರೆತರುವಾಗ ಮೇಜಿನ ಪಂಕ್ತಿಯಲ್ಲಿ ಅವರೊಬ್ಬರನ್ನೇ ಕೂರಿಸದೆ ಮನೆಯವರೊಬ್ಬರು ಪಕ್ಕದಲ್ಲಿ ಕುಳಿತು ಪ್ರಸಾದ ಸ್ವೀಕರಿಸಿ.